ಒಲೆ ಆಫೀಸಿನ ಕಂಪ್ಯೂಟರು, ನಾನು ಹೇಳದ ಹೆಸರು

ಕಾವ್ಯಳಿಗೆ ಪಂಚಾಯಿತಿಯಲ್ಲಿ ಡೇಟಾ ಎಂಟ್ರಿ ಕೆಲಸ ಸಿಕ್ಕಿದೆ. ಮೊನ್ನೆ ಬಿಳಿಕೆರೆಯಲ್ಲಿ ಬಸ್ಸಿಳಿದು ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಅದನ್ನು ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ನೀನೂ ಕಂಪ್ಯೂಟ್ರು ಕೆಲ್ಸ ಮಾಡ್ತಿದ್ದಂತಲ್ಲ, ನಿಂಗೇನ್ ಬತ್ತಿತ್ತು?" ಎಂದಳು. ಉಳಿದ ಮೊಮ್ಮಕ್ಕಳೆಲ್ಲ ನಕ್ಕರು. ನಾನೂ ನಕ್ಕು ಒಳಗೆ ಹೋದೆ. ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಹೇಳುವುದು ನನಗೆ ಮೊದಲಿಂದಲೂ ಆಗದು. ಬರೆಯುವುದಾದರೆ ಆಗುತ್ತದೆ. ಅದಕ್ಕೇ ಬರೆದಿದ್ದೇನೆ. ಕಾವ್ಯ ಓದಲಿ, ಉಳಿದವರು ನಗಲಿ.

ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ. ಪಕ್ಕದೂರಿಗೆ ನಡೆದು ಹೋಗಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ನಿಮ್ಮ ತಾತ ಹುಣಸೂರಿನ ಒಂದು ಕಚೇರಿಯಲ್ಲಿ ಜೀಪಿನ ಡ್ರೈವರಾಗಿದ್ದರು. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಅದೇ ಕಚೇರಿಯಲ್ಲಿ ನನಗೆ ಗುಮಾಸ್ತೆಯ ಕೆಲಸ ಕೊಟ್ಟರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನ ಹಳ್ಳಿ ಮನೆಗಳಿಗೆ ಹೊಗೆಯಿಲ್ಲದ ಒಲೆ ಹಾಕಿಸಿಕೊಡುವುದು ನಮ್ಮ ಕಚೇರಿಯ ಕೆಲಸ. ಅದಕ್ಕೆ ಬೋರ್ಡಿನ ತುಂಬ ಹಿಡಿಸುವ ಹೆಸರಿತ್ತು. ಜನ ಮಾತ್ರ ಒಲೆ ಆಫೀಸು ಎನ್ನುತ್ತಿದ್ದರು. ಕೊನೆಕೊನೆಗೆ ಫೋನ್ ಎತ್ತಿದರೆ ನಾವೂ ಹಾಗೇ ಅನ್ನತೊಡಗಿದೆವು.

ಮುಂದೆ ನನಗೆ ಎರಡು ಬಡ್ತಿ ಬಂದವು. ಮೊದಲನೆಯದರಲ್ಲಿ ಕುರ್ಚಿಗೆ ಕೈ ಬಂತು, ಎರಡನೆಯದರಲ್ಲಿ ಕುರ್ಚಿಯ ಬೆನ್ನಿಗೆ ಟವೆಲು ಬಂತು. ಅದರಲ್ಲಿ ಹೇಳುವಂಥದ್ದು ಅಷ್ಟೇ.

ಕಂಪ್ಯೂಟರು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ. ಆ ಹೊತ್ತಿಗೆ ಕಚೇರಿಯಲ್ಲಿ ಇದ್ದದ್ದು ಮೂವರೇ. ನಮ್ಮ ಸಾಹೇಬರು, ನಾನು, ಮತ್ತೆ ಊರೂರು ತಿರುಗಿ ಅರ್ಜಿ ತುಂಬಿಸಿಕೊಂಡು ಬರುವ ಮಾದಪ್ಪ. ಸಾಹೇಬರಿಗೆ ಕಂಪ್ಯೂಟರೆಂದರೆ ಬಹಳ ಅಂಜಿಕೆ. ಇಡೀ ಕಚೇರಿಗೆ ಇದ್ದ ಒಂದು ಒಳ್ಳೆಯ ಫ್ಯಾನನ್ನು ಬಿಚ್ಚಿಸಿ ಅದರ ಕೋಣೆಗೆ ಹಾಕಿಸಿದರು. ಆ ಕೋಣೆಯೊಳಗೆ ಜೋರಾಗಿ ಮಾತಾಡಬಾರದು ಎಂದರು. ಮಗು ಮಲಗಿರುವ ಮನೆಯಲ್ಲಿ ನಡೆದಾಡುವ ಹಾಗೆ ಅವರೇ ತುದಿಗಾಲಲ್ಲಿ ನಡೆಯುತ್ತಿದ್ದರು. ಧೂಳು ಕೂತರೆ ಕೆಟ್ಟುಹೋಗುತ್ತದೆ ಎಂದು ಯಾರೋ ಹೇಳಿದ್ದರಿಂದ ಅದಕ್ಕೊಂದು ಗೌಸು ಹೊಲಿಯಲು ನನಗೆ ಆಜ್ಞೆಯಾಯಿತು. ಹಳೆಯ ಹಸಿರು ಪರದೆ ಹರಿದು, ನೆರಿಗೆ ಇಟ್ಟು, ಸುತ್ತಲೂ ಲೇಸು ಕೊಟ್ಟು ಹೊಲಿದೆ. ಮೊದಲ ಮೂರು ತಿಂಗಳು ನಾನು ಮಾಡಿದ ಕಂಪ್ಯೂಟರ್ ಕೆಲಸ ಅದೊಂದೇ. ಕಂಪ್ಯೂಟರನ್ನು ಸಾಹೇಬರು ಬಂದವರಿಗೆಲ್ಲ ತೋರಿಸಿದರು, ಗೌಸನ್ನು ತೆಗೆಯದೆ.

ಆಮೇಲೆ ಕಲಿಸುವುದಕ್ಕೆ ಮೈಸೂರಿನಿಂದ ಶೈಲಜಾ ಮೇಡಂ ಎಂಬುವರು ಬಂದರು. ವಯಸ್ಸಿನಲ್ಲಿ ನನಗಿಂತ ತುಂಬ ಚಿಕ್ಕವರು. ಆರು ದಿನ ಕಲಿಸಿದರು. ಮೊದಲ ದಿನ ಡೇಟಾಬೇಸ್, ಟೇಬಲ್, ರೆಕಾರ್ಡ್, ಫೀಲ್ಡ್ ಎಂದು ಏನೇನೋ ಹೇಳಿದರು. ನಾನು ತಲೆಯಾಡಿಸಿದೆ. ಅರ್ಥವಾಯಿತಾ ಎಂದು ಕೇಳಿದರು. ಅದಕ್ಕೂ ತಲೆಯಾಡಿಸಿದೆ. ಮೂರನೆಯ ದಿನ ಅವರು ಬೇಸತ್ತು, ನಿಮ್ಮ ಮನೆಯಲ್ಲಿ ಏನು ಕೆಲಸ ಮಾಡಿ ಗೊತ್ತು ಎಂದು ಕೇಳಿದರು. ಹೊಗೆಸೊಪ್ಪು ಕಟ್ಟುವುದು ಗೊತ್ತು ಎಂದೆ. ಹುಣಸೂರಿನ ಕಡೆ ಹುಟ್ಟಿದ ಹೆಣ್ಣುಮಕ್ಕಳಿಗೆ ಜಡೆ ಹಾಕಲು ಬರುವ ಮೊದಲು ಹೊಗೆಸೊಪ್ಪು ಕಟ್ಟಲು ಬರುತ್ತದೆ. ಎಲೆಗಳನ್ನು ಒಂದು ಕಡ್ಡಿಗೆ ಸಾಲಾಗಿ ಕಟ್ಟಿ, ಆ ಕಡ್ಡಿಗಳನ್ನು ಸೊಪ್ಪು ಒಣಗಿಸಲು ಬೇಯಿಸುವ ಮನೆಯೊಳಗೆ ಅಂತಸ್ತಿನ ಮೇಲೆ ಅಂತಸ್ತಾಗಿ ತೂಗುಹಾಕುತ್ತಾರೆ.

ಮೇಡಂ ಅಷ್ಟು ಕೇಳಿದ್ದೇ ತಡ, "ಅಷ್ಟೇ ಕಣ್ರೀ ಇದೂ. ಆ ಮನೆ ಟೇಬಲ್ಲು, ಒಂದು ಕಡ್ಡಿ ಒಂದು ರೆಕಾರ್ಡು, ಒಂದೊಂದು ಎಲೆ ಒಂದೊಂದು ಫೀಲ್ಡು" ಎಂದರು.

ಹೆಂಗಸಿನ ಹೆಸರು ಒಂದು ಎಲೆ, ಗಂಡನ ಹೆಸರು ಒಂದು ಎಲೆ, ಊರು ಒಂದು ಎಲೆ. ಎಲ್ಲ ಕಡ್ಡಿಯಲ್ಲೂ ಅಷ್ಟೇ ಎಲೆ, ಅದೇ ಕ್ರಮ. ಆ ಕ್ಷಣದಿಂದ ನನಗೆ ಡೇಟಾಬೇಸ್ ಅರ್ಥವಾಯಿತು ಕಾವ್ಯ, ಇವತ್ತಿಗೂ ನನಗೆ ಅದು ಹಾಗೆಯೇ ಕಾಣುತ್ತದೆ. ಸ್ವಲ್ಪ ಹೊಗೆಸೊಪ್ಪಿನ ವಾಸನೆಯೂ ಬರುತ್ತದೆ.

ಅರ್ಥವಾದ ಮಾತ್ರಕ್ಕೆ ತಪ್ಪು ನಿಲ್ಲುತ್ತದೆಯೇ? ಆಗಿನ ಆ ಸಾಫ್ಟ್‌ವೇರಿನಲ್ಲಿ ಒಂದು ರೆಕಾರ್ಡನ್ನು ಅಳಿಸು ಎಂದರೆ ಅದು ಅಳಿಸುತ್ತಿರಲಿಲ್ಲ, ಅಳಿಸಬೇಕಾದದ್ದು ಎಂದು ಗುರುತು ಮಾಡಿಟ್ಟುಕೊಳ್ಳುತ್ತಿತ್ತು, ಅಷ್ಟೇ. ಪೂರ್ತಿ ಹೋಗಬೇಕಾದರೆ ಬೇರೆ ಆಜ್ಞೆ ಕೊಡಬೇಕು. ಅದನ್ನು ಮೇಡಂ ಹೇಳಿದಾಗ ನಾನು ಬಹುಶಃ ತಲೆಯಾಡಿಸುತ್ತಿದ್ದೆ. ಪಟ್ಟಿಯಲ್ಲಿ ಎರಡು ಸಲ ಬಂದಿದ್ದ, ಪಿರಿಯಾಪಟ್ಟಣದ ಕಡೆಯ ಕೊಪ್ಪದ ನಿಂಗಮ್ಮನನ್ನು ಅಳಿಸಿದೆ. ನಿಂಗಮ್ಮ ಅಲ್ಲೇ ಇದ್ದಳು. ಮತ್ತೆ ಅಳಿಸಿದೆ. ಇದ್ದಳು. ಮಧ್ಯಾಹ್ನದವರೆಗೂ ಅಳಿಸಿದೆ. ಮಾದಪ್ಪ ಬಂದು ನೋಡಿ, ಆಯಮ್ಮ ಒಲೆ ಸಿಗೋವರ್ಗೂ ಓಗಕ್ಕಿಲ್ಲ ಬುಡಕ್ಕ ಎಂದ. ಅಳಿಸು ಎನ್ನುವುದು ಕಸ ಗುಡಿಸಿ ಮೂಲೆಗೆ ತಂದಂತೆ, ಎತ್ತಿ ಹೊರಗೆ ಹಾಕುವುದು ಬೇರೆ ಕೆಲಸ ಎಂದು ಗೊತ್ತಾದದ್ದು ಮೇಡಂಗೆ ಫೋನ್ ಮಾಡಿದ ಮೇಲೆ.

ಇನ್ನು ಯಜಮಾನ್ರ ಕಥೆಗೆ ಬರುತ್ತೇನೆ.

ನಮ್ಮ ಕಚೇರಿಯ ನಿಯಮ ಒಂದು ಮನೆಗೆ ಒಂದೇ ಒಲೆ. ಅದಕ್ಕೇ ಅರ್ಜಿಯಲ್ಲಿ ಗಂಡನ ಹೆಸರು ಇರಲೇಬೇಕು. ಆ ಹೆಸರಿನ ಮೇಲೆ ವಿಂಗಡಿಸಿದರೆ ಎರಡೆರಡು ಒಲೆ ಹಾಕಿಸಿಕೊಂಡವರು ಪಟ್ಟಿಯಲ್ಲಿ ಪಕ್ಕಪಕ್ಕ ಬಂದು ಸಿಕ್ಕಿಬೀಳುತ್ತಾರೆ. ಹಾಗಾಗಿ ಆ ಫೀಲ್ಡ್ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೇ ಹೋಗದಂತೆ ಮೇಡಂ ಮಾಡಿಟ್ಟಿದ್ದರು. ಮಾದಪ್ಪ ತಂದ ಅರ್ಜಿಗಳಲ್ಲಿ ಅನೇಕ ಕಡೆ ಗಂಡನ ಹೆಸರಿನ ಮುಂದೆ "ಯಜಮಾನ್ರು" ಎಂದಿತ್ತು. ಕೆಲವು ಕಡೆ "ನಮ್ಮೋರು". ಒಂದೆರಡು ಕಡೆ "ಮಂಜಿ ಅಪ್ಪ". ಇದು ಅವನ ಸೋಮಾರಿತನವಲ್ಲ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಹೇಳಿದರೆ ಅವರ ಆಯಸ್ಸು ಸವೆಯುತ್ತದೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಮಾದಪ್ಪ ಕೇಳಿದ, ಅವರು ಯಜಮಾನ್ರು ಎಂದರು, ಅವನು ಅದನ್ನೇ ಬರೆದುಕೊಂಡ. ನಾನೂ ಅದನ್ನೇ ಟೈಪ್ ಮಾಡಿದೆ. ನನಗೂ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ನನ್ನನ್ನು ಕೇಳಿದ್ದರೂ ನಾನು ಹಾಗೇ ಹೇಳುತ್ತಿದ್ದೆ.

ಪಟ್ಟಿ ಮೈಸೂರಿಗೆ ಹೋಯಿತು. ಅಲ್ಲಿಯ ದೊಡ್ಡ ಸಾಹೇಬರು ಅದನ್ನು ಗಂಡನ ಹೆಸರಿನ ಪ್ರಕಾರ ವಿಂಗಡಿಸಿ ನೋಡಿದರು. ಯಜಮಾನ್ರು ಎಂಬ ಒಬ್ಬ ಮನುಷ್ಯ, ಕೊಪ್ಪದಿಂದ ಚುಂಚನಕಟ್ಟೆಯವರೆಗೆ ನಾಲ್ಕು ತಾಲ್ಲೂಕಿನಲ್ಲಿ ನೂರಕ್ಕೂ ಹೆಚ್ಚು ಹೆಂಡಿರನ್ನು ಇಟ್ಟುಕೊಂಡು, ಒಬ್ಬೊಬ್ಬಳ ಹೆಸರಿನಲ್ಲಿ ಒಂದೊಂದು ಒಲೆ ಮಂಜೂರು ಮಾಡಿಸಿಕೊಂಡಿದ್ದ. ಈತ ಯಾರು, ಈತನ ಮೇಲೆ ಯಾವ ಕ್ರಮ ಕೈಗೊಳ್ಳಲಾಗಿದೆ ಎಂದು ವಿವರಣೆ ಕೇಳಿ ಪತ್ರ ಬಂತು. ನಮ್ಮ ಸಾಹೇಬರು ಎರಡು ದಿನ ಯೋಚಿಸಿ ಉತ್ತರ ಬರೆದರು. "ಸದರಿ ಯಜಮಾನ್ರು ಎಂಬುವವರು ಒಬ್ಬರೇ ವ್ಯಕ್ತಿಯಾಗಿರದೆ ಅನೇಕರಾಗಿರುತ್ತಾರೆಂದು ಈ ಮೂಲಕ ತಮ್ಮ ಅವಗಾಹನೆಗೆ ತರಲಾಗಿದೆ" ಎಂಬ ವಾಕ್ಯ ನನಗೆ ಇನ್ನೂ ಬಾಯಿಪಾಠವಾಗಿದೆ, ಏಕೆಂದರೆ ಅದನ್ನು ಟೈಪ್ ಮಾಡಿದ್ದು ನಾನೇ.

ದೊಡ್ಡ ಸಾಹೇಬರು ನಗಲಿಲ್ಲ. ಪಟ್ಟಿ ಸರಿಮಾಡಿ, ತಾವೇ ಬಂದು ಕಂಪ್ಯೂಟರಿನಲ್ಲಿ ನೋಡುವುದಾಗಿ ತಿಳಿಸಿದರು. ನನ್ನ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಅವರು ನೋಡಿ, ಈ ಹೆಂಗಸಿನಿಂದ ಈ ಕೆಲಸ ಆಗದು ಎಂದು ಬರೆದರೆ ಕಂಪ್ಯೂಟರು ಮೈಸೂರಿಗೆ, ನಾನು ಮನೆಗೆ. ಕಾವ್ಯಳ ಅಮ್ಮ ಆಗ ಎಂಟನೆಯ ತರಗತಿಯಲ್ಲಿದ್ದಳು, ಅವಳ ತಮ್ಮ, ಅಂದರೆ ಕಾವ್ಯಳ ಮಾವ, ಇನ್ನೂ ಚಿಕ್ಕವನು. ನಮ್ಮ ಮನೆಗೆ ಇದ್ದದ್ದು ಅದೊಂದು ಕೆಲಸ.

ಅಂತೂ ಹೆಸರು ಹೇಳದ ಹೆಂಗಸರಿಂದ ಹೆಸರು ಹೇಳಿಸಲು ನಾನೂ ಮಾದಪ್ಪನೂ ಹೊರಟೆವು. ಬಿಳಿಕೆರೆಯಲ್ಲಿ ಒಬ್ಬಳು ತನ್ನ ಪುಟ್ಟ ಮಗಳನ್ನು ಮುಂದಕ್ಕೆ ತಳ್ಳಿ, ನಿಮ್ಮಪ್ಪನ ಹೆಸರು ಹೇಳವ್ವ ಎಂದಳು. ಮಗು ಬಹಳ ಹೊತ್ತು ಯೋಚಿಸಿ "ಅಪ್ಪ" ಎಂದಿತು. ಚುಂಚನಕಟ್ಟೆಯಲ್ಲಿ ಇನ್ನೊಬ್ಬಳು ದೇವಸ್ಥಾನದ ಕಡೆ ಕೈತೋರಿಸಿ, ಅಲ್ಲಿ ಬಿಲ್ಲು ಹಿಡ್ಕೊಂಡ್ ನಿಂತವ್ರಲ್ಲ ಅವ್ರೇಯ ಎಂದಳು. ಬಿಲ್ಲು ಹಿಡಿದವರು ಇಬ್ಬರಿದ್ದಾರೆ, ಅಣ್ಣನೋ ತಮ್ಮನೋ ಎಂದು ಮಾದಪ್ಪ ಕೇಳಿದ್ದಕ್ಕೆ ಅವಳು ಸೆರಗು ಬಾಯಿಗಿಟ್ಟುಕೊಂಡು, ಎಂಡ್ರು ಪಕ್ದಲ್ಲವ್ಳಲ್ಲ ಅವ್ರು ಎಂದಳು. ರಾಮೇಗೌಡ ಎಂದು ಬರೆದುಕೊಂಡೆವು.

ಆಮೇಲೆ ಎಚ್.ಡಿ. ಕೋಟೆಯ ಕಡೆ, ಕಾಡಂಚಿನಲ್ಲಿ ಗಿರಿಜನರ ಒಂದು ಹಾಡಿಗೆ ಹೋದೆವು. ಅಲ್ಲಿ ಕೆಂಚಿ ಎಂಬ ವಯಸ್ಸಾದ ಹೆಂಗಸು ಸೌದೆ ಇಳಿಸುತ್ತಿದ್ದಳು. ಗಂಡನ ಹೆಸರು ಕೇಳಿದ್ದೇ, "ಬೊಳ್ಳ" ಎಂದು ಹೇಳಿ, ನಾವು ನಂಬಲಿಲ್ಲವೇನೋ ಎಂದು "ಏ ಬೊಳ್ಳಾ, ಬಾ ಇಲ್ಲಿ" ಎಂದು ಕೂಗಿಯೂ ಬಿಟ್ಟಳು. ಬೊಳ್ಳ ಬೀಡಿ ಸೇದುತ್ತ ಬಂದು ನಿಂತ. ಗಟ್ಟಿಮುಟ್ಟಾಗಿಯೇ ಇದ್ದ. ಉಳಿದ ಕಡೆಯ ಹೆಂಗಸರು ಆಯಸ್ಸು ಸವೆಯುತ್ತದೆಂದು ಹೆಸರು ಹೇಳದ ಸುದ್ದಿಯನ್ನು ಮಾದಪ್ಪ ತಿಳಿಸಿದಾಗ ಕೆಂಚಿ ನಂಬದೆ ನನ್ನನ್ನು ನೋಡಿದಳು.

"ನಿನ್ ಗಂಡನ್ ಹೆಸ್ರೇನವ್ವ?"

ನಾನು ನೆಲ ನೋಡಿದೆ. ಅವರು ಇಲ್ಲ ಎಂದು ಮಾದಪ್ಪನೇ ನನ್ನ ಪರವಾಗಿ ಹೇಳಿದ.

"ಇಲ್ದೋರ್ ಹೆಸ್ರು ಹೇಳುದ್ರೆ ಸವೆಯಾಕೆ ಇನ್ನೇನೈತವ್ವ?" ಎಂದು ಹೇಳಿ ಅವಳು ಮತ್ತೆ ಸೌದೆ ಕಡೆ ತಿರುಗಿದಳು.

ಆ ಮಾತು ಮನಸ್ಸಿಗೆ ಚುಚ್ಚಿತು. ಆದರೂ ಕೆಲಸಕ್ಕೆ ಬಂತು. ಅಲ್ಲಿಂದ ಮುಂದೆ ಪ್ರತಿ ಮನೆಯಲ್ಲೂ ನಾನೇ, "ಹೆಸ್ರು ಹೇಳುದ್ರೆ ಸವೆದೋಯ್ತದಾ, ಹೇಳ್ಬುಡಿ" ಎನ್ನುತ್ತಿದ್ದೆ. ನಾಚಿಕೆಯ ಹೆಂಗಸು ನಾನು ಇದೊಂದು ಮಾತನ್ನು ಬಹಳ ಧೈರ್ಯವಾಗಿ ಹೇಳಲು ಕಲಿತೆ. ನನ್ನನ್ನು ಬಿಟ್ಟು ಉಳಿದವರಿಗೆ.

ಒಂದೊಂದು ಎಲೆಯಾಗಿ ಹೆಸರುಗಳನ್ನು ಕಟ್ಟಿ ಪಟ್ಟಿ ಸರಿಯಾಯಿತು. ಮತ್ತೆ ಯಾರೂ ಅದರಲ್ಲಿ ಕೈಯಾಡಿಸಬಾರದು, ಪಾಸ್‌ವರ್ಡ್ ಹಾಕಿಸಿ ಎಂದು ಸಾಹೇಬರು ಹೇಳಿದರು. ಮೇಡಂ ಇನ್ನೊಮ್ಮೆ ಬಂದು, ಎಂಟು ಇಂಗ್ಲಿಷ್ ಅಕ್ಷರದ ಗುಟ್ಟಿನ ಮಾತೊಂದನ್ನು ಆರಿಸಿಕೊಳ್ಳಿ, ನೀವು ಎಂದೂ ಮರೆಯಬಾರದು, ಎಂದೂ ಯಾರಿಗೂ ಹೇಳಬಾರದು ಎಂದರು. ಎಂದೂ ಮರೆಯದ, ಎಂದೂ ಯಾರಿಗೂ ಹೇಳದ ಮಾತು ನನ್ನ ಬಳಿ ಒಂದೇ ಒಂದಿತ್ತು. ನಿಮ್ಮ ತಾತನ ಹೆಸರು. ಬೆರಳು ಮಡಿಸಿ ಎಣಿಸಿದೆ. ಸರಿಯಾಗಿ ಎಂಟು ಅಕ್ಷರ.

ಬರೆಯುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ ನೋಡಿ, ಬಾಯಲ್ಲಿ ಹೇಳಬಾರದು ಅಷ್ಟೇ. ಮೇಡಂ ಮುಖ ಆಚೆ ತಿರುಗಿಸಿದರು, ನಾನು ಒತ್ತಿದೆ. ಪರದೆಯ ಮೇಲೆ ಅಕ್ಷರ ಕಾಣಲಿಲ್ಲ, ಎಂಟು ಪುಟ್ಟ ನಕ್ಷತ್ರ ಕಂಡವು. ಅಂದಿನಿಂದ ದಿನವೂ ಬೆಳಿಗ್ಗೆ ಗೌಸು ತೆಗೆದು, ಮಡಿಸಿಟ್ಟು, ಆ ಎಂಟು ನಕ್ಷತ್ರ ಮೂಡಿಸಿ ಕೆಲಸಕ್ಕೆ ಕೂರುತ್ತಿದ್ದೆ. ಯಾರಿಗೂ ಗೊತ್ತಿಲ್ಲದ ಒಂದು ಸಂತೋಷ ಅದು.

ದೊಡ್ಡ ಸಾಹೇಬರು ಬರುವ ದಿನ ಮುಂಚೆ ತಿಳಿಸುತ್ತಾರೆ ಎಂದುಕೊಂಡಿದ್ದೆವು. ತಿಳಿಸಲಿಲ್ಲ. ಅವರು ಹುಣಸೂರಿನಲ್ಲಿ ಜೀಪಿನಿಂದ ಇಳಿದಾಗ ನಾನು ಕೆ.ಆರ್. ನಗರದಲ್ಲಿದ್ದೆ, ಹೊಸದಾಗಿ ಬಂದ ನಾಲ್ಕು ಅರ್ಜಿಗಳ ಹೆಸರು ವಿಚಾರಿಸಲು ಅಲ್ಲಿಯ ತಾಲ್ಲೂಕು ಕಚೇರಿಗೆ ಹೋಗಿದ್ದೆ. ನಿಮ್ಮ ಸಾಹೇಬರ ಫೋನು ಬಂದಿತ್ತು, ತಕ್ಷಣ ಮಾತಾಡಬೇಕಂತೆ ಎಂದು ಅಲ್ಲಿಯವರು ಹೇಳಿದರು. ಬಸ್ ನಿಲ್ದಾಣದ ಎಸ್‌ಟಿಡಿ ಬೂತಿಗೆ ಓಡಿದೆ. ಬೂತಿನ ಬಾಗಿಲು ಮುರಿದಿತ್ತು. ಹೊರಗೆ ಆರೇಳು ಜನ ಸರದಿಯಲ್ಲಿ ನಿಂತಿದ್ದರು.

ಸಾಹೇಬರು ಪಿಸುಮಾತಿನಲ್ಲಿ, ದೊಡ್ಡ ಸಾಹೇಬರು ಪಕ್ಕದಲ್ಲೇ ಕೂತಿದ್ದಾರೆ, ಅರ್ಧ ಗಂಟೆಯಲ್ಲಿ ಹೊರಡುತ್ತಾರೆ, ಪಟ್ಟಿ ತೆಗೆಯಬೇಕು, ಪಾಸ್‌ವರ್ಡ್ ಹೇಳಿ ಎಂದರು. ಈಗಲೇ ಬಸ್ಸು ಹತ್ತಿ ಬಂದುಬಿಡುತ್ತೇನೆ ಎಂದೆ. ಅಷ್ಟು ಹೊತ್ತು ಅವರು ಕಾಯುವುದಿಲ್ಲ, ಈಗಲೇ ತೋರಿಸದಿದ್ದರೆ ನಿಮ್ಮ ಬಗ್ಗೆ ಬರೆಯುವುದನ್ನು ಬರೆದೇ ಹೋಗುತ್ತಾರೆ ಎಂದರು.

ಬಾಯಿ ತೆರೆದೆ. ಹೆಸರು ಹೊರಗೆ ಬರಲಿಲ್ಲ. ಆಗ ನಾನು ಮಾಡಿದ್ದೇನು ಗೊತ್ತೇ? ಊರೂರು ತಿರುಗಿ ಯಾವುದನ್ನು ಬೇಡ ಎಂದು ಹೇಳಿ ಬಂದಿದ್ದೆನೋ ಅದನ್ನೇ ಮಾಡಿದೆ.

"ಸರ್, ಕಪಿಲೆ ದಂಡೆ ಮೇಲೆ ದೊಡ್ಡ ದೇವಸ್ಥಾನ ಇದೆಯಲ್ಲ ಸರ್, ಆ ದೇವರು."

ಸಾಹೇಬರು ಒಂದೇ ಬೆರಳಿನಲ್ಲಿ ಟೈಪ್ ಮಾಡುವವರು. ಒಂದೊಂದು ಅಕ್ಷರವನ್ನೂ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಹುಡುಕುತ್ತಿದ್ದದ್ದು ಫೋನಿನಲ್ಲೇ ಕೇಳಿಸುತ್ತಿತ್ತು. ಕಪಿಲೆ ಎಂದು ಒತ್ತಿದರು. ತಪ್ಪು ಎಂದಿತು. ಶಿವ ಎಂದು ಒತ್ತಿದರು. ಅದೂ ತಪ್ಪು. ಮೂರು ಸಲ ತಪ್ಪಿದರೆ ಅದು ತಾನಾಗಿ ಮುಚ್ಚಿಕೊಂಡು ಬಿಡುತ್ತಿತ್ತು, ಮತ್ತೆ ಮೊದಲಿಂದ ತೆರೆಯಬೇಕು. ನಾನು ಇನ್ನಷ್ಟು ಗಾಬರಿಯಾಗಿ, "ಸರ್, ರಸಬಾಳೆ ಬೆಳೆಯುತ್ತಾರಲ್ಲ, ಆ ಊರು ಸರ್" ಎಂದೆ.

"ಜಯಮ್ಮನವರೇ, ಇಲ್ಲಿ ಬಾಳೆಹಣ್ಣು ಎಲ್ಲಿಂದ ಬಂತು?" ಎಂದರು ಸಾಹೇಬರು. ಅವರ ದನಿ ಅಳುವವರ ದನಿಯ ಹಾಗಿತ್ತು. ಆದರೂ ಪಾಪ, ರಸಬಾಳೆ ಎಂದೂ ಒತ್ತಿ ನೋಡಿದರು. ಕಂಪ್ಯೂಟರು ಮುಚ್ಚಿಕೊಂಡಿತು.

ಆಗ ಫೋನು ಮಾದಪ್ಪನ ಕೈಗೆ ಹೋಯಿತು. ಆರು ತಿಂಗಳು ಇಂಥ ಒಗಟುಗಳನ್ನೇ ಕೇಳಿದ್ದ ಅವನಿಗೆ ತಕ್ಷಣ ಗೊತ್ತಾಗಿತ್ತು.

"ಅಕ್ಕ, ಡ್ರೈವರಣ್ಣನ ಹೆಸ್ರು ಮಡ್ಗಿದ್ದೀಯಾ?"

"ಹೂಂ."

"ನಾನು ಡ್ರೈವರಣ್ಣ ಅಂತ್ಲೇ ಕರೀತಿದ್ದೆ ಕಣಕ್ಕ, ಹೆಸ್ರು ನಂಗೂ ಗೊತ್ತಿಲ್ಲ, ಸಾಹೇಬ್ರು ಆಮೇಲ್ ಬಂದೋರು. ಬಾಯ್ಬುಟ್ಟು ಹೇಳು." ನಾನು ಬೂತಿನ ಮುರಿದ ಬಾಗಿಲನ್ನು ಎಳೆದು ಹಾಕಲು ನೋಡಿದೆ. ಅವನು ಮೆಲ್ಲಗೆ ಹೇಳಿದ, "ನೀನೇ ಎಲ್ರಿಗೂ ಹೇಳ್ತಿದ್ದಲ್ಲಕ್ಕ. ಹೇಳುದ್ರೆ ಸವೆದೋಯ್ತದಾ?"

ಬೂತಿನ ಹೊರಗಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕಣ್ಣು ಮುಚ್ಚಿಕೊಂಡೆ.

"ನಂಜುಂಡ" ಎಂದೆ.

ಲೈನು ಸರಿಯಿರಲಿಲ್ಲ. ಕೇಳ್ತಿಲ್ಲಕ್ಕ, ಇನ್ನೊಂದ್ಸಲ ಎಂದ. ಇನ್ನೊಂದು ಸಲ ಹೇಳಿದೆ. ಇನ್ನೂ ಜೋರಾಗಿ ಎಂದ. ಕೊನೆಗೆ, ಕೆ.ಆರ್. ನಗರದ ಬಸ್ ನಿಲ್ದಾಣದಲ್ಲಿ, ಹದಿನೆಂಟು ವರ್ಷ ಯಾರ ಮುಂದೆಯೂ ಹೇಳದ ಹೆಸರನ್ನು "ನಂಜುಂಡಾ" ಎಂದು ಗಂಟಲು ಹರಿಯುವಂತೆ ಕೂಗಿದೆ.

ಮೈಸೂರು ಜಿಲ್ಲೆಯ ಬಸ್ ನಿಲ್ದಾಣದಲ್ಲಿ ಆ ಹೆಸರು ಕೂಗಿದರೆ ಏನಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಸರದಿಯಲ್ಲಿದ್ದ ಒಬ್ಬರು "ಆಂ?" ಎಂದರು. ಹೊರಡುತ್ತಿದ್ದ ಬಸ್ಸಿನಿಂದ ಕಂಡಕ್ಟರೊಬ್ಬರು ತಲೆ ಹೊರಹಾಕಿದರು. ಎಲೆಯಡಿಕೆ ಅಂಗಡಿಯ ಹತ್ತಿರ ಕೂತಿದ್ದ ಅಜ್ಜನೊಬ್ಬರು ಕೋಲೂರಿಕೊಂಡು ಬೂತಿನವರೆಗೂ ಬಂದು, "ಏನವ್ವ, ನನ್ನ ಕರ್ದ್ಯಾ?" ಎಂದು ಕೇಳಿದರು. ಇಲ್ಲ ತಾತ, ನಮ್ಮನೆಯವರ ಹೆಸರು ಎಂದೆ. ಅವರೆಲ್ಲಿ ಎಂದು ಸುತ್ತಲೂ ನೋಡಿದರು. ಹುಣಸೂರಿನಲ್ಲಿ, ಕಂಪ್ಯೂಟರಿನೊಳಗಿದ್ದಾರೆ ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಅಜ್ಜ ನನ್ನನ್ನು ಬಹಳ ಕನಿಕರದಿಂದ ನೋಡಿ ವಾಪಸು ಹೋದರು.

ಅಷ್ಟರಲ್ಲಿ ಫೋನಿನಲ್ಲಿ ಮಾದಪ್ಪ, ತಕ್ಕಂತು ಕಣಕ್ಕ, ಕಂಪ್ಯೂಟ್ರು ತಕ್ಕಂತು ಎಂದ. ದೊಡ್ಡ ಸಾಹೇಬರು ಗಂಡನ ಹೆಸರಿನ ಪ್ರಕಾರ ಪಟ್ಟಿ ತೆಗೆಸಿ, ಮೊದಲಿಂದ ಕೊನೆಯವರೆಗೂ ಯಜಮಾನ್ರನ್ನು ಹುಡುಕಿದರಂತೆ. ಒಬ್ಬರೂ ಸಿಗಲಿಲ್ಲವಂತೆ. ನನ್ನ ಪ್ರೊಬೇಷನ್ ಮುಗಿದ ಆದೇಶ ಮುಂದಿನ ತಿಂಗಳು ಬಂತು.

ಈಗ ನೀವು ಬುದ್ಧಿವಂತರು ಕೇಳುತ್ತೀರಿ, ಹೆಸರು ಹೇಳದೆ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳಬಹುದಿತ್ತಲ್ಲ ಅಜ್ಜಿ ಎಂದು. ಅದು ನನಗೂ ಹೊಳೆಯಿತು, ವಾಪಸು ಬರುವ ಬಸ್ಸಿನಲ್ಲಿ. ಚೀಟಿಯಲ್ಲಿ ಬರೆದು ಬೂತಿನವರ ಕೈಗೆ ಕೊಟ್ಟು ಓದಿಸಬಹುದಿತ್ತು ಎಂಬುದು ಹುಣಸೂರಿನಲ್ಲಿ ಇಳಿಯುವಾಗ ಹೊಳೆಯಿತು.

ಇಷ್ಟು ದಿನ ನಾನು ನಂಜನಗೂಡಿಗೆ "ಹೊಳೆ ದಂಡೆ ಊರು" ಎನ್ನುವುದನ್ನು ಕೇಳಿ ನೀವೆಲ್ಲ ಅಣಕಿಸುತ್ತಿದ್ದಿರಲ್ಲ, ಅದಕ್ಕೆ ಕಾರಣ ಇದು. ರೂಢಿ, ಇನ್ನೂ ಪೂರ್ತಿ ಹೋಗಿಲ್ಲ.

ಕಾವ್ಯ, ನಾಳೆ ನಿನಗೂ ಒಂದು ಪಾಸ್‌ವರ್ಡ್ ಇಟ್ಟುಕೊಳ್ಳಲು ಹೇಳುತ್ತಾರೆ. ಬೇಕಾದದ್ದನ್ನು ಇಟ್ಟುಕೋ. ಫೋನಿನಲ್ಲಿ ಹೇಳುವ ಪ್ರಸಂಗ ಬಂದರೆ ಬಾಯಿಗೆ ಬರುವಂಥದ್ದಾಗಿರಲಿ. ನನ್ನದು ಆಮೇಲೆ ಕೆಲಸಕ್ಕೆ ಬರಲಿಲ್ಲ. ಇಡೀ ಕಚೇರಿಗೂ ಅರ್ಧ ಕೆ.ಆರ್. ನಗರಕ್ಕೂ ಗೊತ್ತಾಗಿದ್ದರಿಂದ ಮೇಡಂ ಬಂದು ಬದಲಾಯಿಸಿದರು. ಹೊಸದಕ್ಕೂ ಎಂಟು ನಕ್ಷತ್ರವೇ ಮೂಡುತ್ತಿದ್ದವು, ಆದರೆ ಅವುಗಳ ಹಿಂದೆ ನಿಮ್ಮ ತಾತ ಇರಲಿಲ್ಲ. ಒಂದೆರಡು ದಿನ ಏನೋ ಕಳೆದುಕೊಂಡ ಹಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಬಾಗಿಲು ಹಾಕಿಕೊಂಡೆ. ಗೌಸು ತೆಗೆಯುವ ಮುಂಚೆ, ಸಾಹೇಬರ ಆಜ್ಞೆಯಂತೆ ಜೋರಾಗಿ ಅಲ್ಲ, ಮೆಲ್ಲಗೆ, ಒಂದು ಸಲ ಹೇಳಿ ನೋಡಿದೆ. ನಿವೃತ್ತಿಯಾಗುವವರೆಗೂ ದಿನವೂ ಹೇಳಿದೆ. ಸವೆಯಲಿಲ್ಲ.